ಭಾವನವರ ಗುಂಡಿನ ಚಟ

ನಮ್ಮ ಭಾವನವರಿಗೆ ಗುಂಡಿನ ಚಟವಿದೆ. ಛೆ, ಹಾಗೆ ಹುಬ್ಬೇರಿಸಬೇಡಿ! ಅವರು ಬಾಟಲಿಯ ಮುಚ್ಚಳವನ್ನೂ ಮೂಸಿದವರಲ್ಲ. ಅವರದು ಕೋವಿಯ ಗುಂಡು, ಅದರಲ್ಲೂ ಬೇಟೆಯ ಗುಂಡು. ಹಾಗೆಂದು ಬೇಟೆಗಾರರೇ? ಜಿರಲೆ ಕಂಡರೆ ಪೇಪರಿನ ಮೇಲೆ ಹತ್ತಿಸಿಕೊಂಡು ಬಾಲ್ಕನಿಯಾಚೆ ಬಿಟ್ಟುಬರುವ ಶುದ್ಧ ಸಸ್ಯಾಹಾರಿ! ಕೋವಿಯನ್ನು ಅವರು ಹತ್ತಿರದಿಂದ ಕಂಡದ್ದು ನೈರೋಬಿಯ ಬ್ಯಾಂಕಿನ ಬಾಗಿಲಲ್ಲಿ, ಕಾವಲುಗಾರನ ಹೆಗಲ ಮೇಲೆ. ಕೀನ್ಯಾದಲ್ಲಿ ಬೇಟೆ ನಿಷೇಧವಾಗಿಯೇ ದಶಕಗಳಾದವು. ಮತ್ತೆ ಈ ಚಟ ಯಾಕೆ ಎಂದು ನನ್ನ ಅಕ್ಕ ಒಂಬತ್ತು ವರ್ಷದಿಂದ ಕೇಳುತ್ತಲೇ ಇದ್ದಾಳೆ.

ಕಾರಣ, ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಅವರ ಫ್ಲ್ಯಾಟಿನ ಕೆಳಮನೆಯ ಮುದುಕರು. ಹಿರಿಯರನ್ನು ಇಲ್ಲಿ ಕರೆಯುವಂತೆ ಎಲ್ಲರೂ ಅವರನ್ನು ‘ಮ್ಝೀ’ ಎನ್ನುತ್ತಾರೆ. ನಿಷೇಧಕ್ಕೆ ಮುಂಚೆ, ಎಳೆಯ ವಯಸ್ಸಿನಲ್ಲಿ, ಬೇಟೆಗಾರರಿಗೆ ಪ್ರಾಣಿಯ ಹೆಜ್ಜೆ ಹುಡುಕಿಕೊಡುತ್ತಿದ್ದವರು. ಭಾವನವರೋ ಮಾತ್ರೆ ಕಾರ್ಖಾನೆಯ ಎಂಜಿನಿಯರು. ಒಂದು ಭಾನುವಾರ ಮೆಟ್ಟಿಲಲ್ಲಿ ಸಿಕ್ಕ ಮ್ಝೀ, ಮೊಂಡು ಮೂತಿಯ ಮೆತ್ತನೆ ಸೀಸದ ಗುಂಡಿಗೆ ಸಮನಿಲ್ಲ ಎಂದರು. ವಿಜ್ಞಾನ ಹಾಗೆ ಹೇಳುವುದಿಲ್ಲ ಎಂದರು ಭಾವ. ಅಷ್ಟೇ, ಕುರುಕ್ಷೇತ್ರ!

ಭಾವನವರ ಪಕ್ಷ ಚೂಪು ಗುಂಡಿನದು. ಮೂತಿ ಸಣ್ಣ, ಬಾಲವೂ ಸಣ್ಣ. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ವೇಗ ಉಳಿಯುತ್ತದೆ, ದಾರಿ ತಪ್ಪುವುದಿಲ್ಲ. ಹೋಗುತ್ತದೆ ನಿಜ, ಬಟ್ಟೆಯಲ್ಲಿ ಸೂಜಿ ತೂರಿದಂತೆ ತೂರಿ ಆಚೆಗೂ ಹೋಗಿಬಿಟ್ಟರೆ, ಎನ್ನುತ್ತಾರೆ ಮ್ಝೀ. ಆಗ ಪ್ರಾಣಿ ನೋವು ಹೊತ್ತುಕೊಂಡು ದಿನವಿಡೀ ಓಡುತ್ತದೆ, ಅದರ ಹೆಜ್ಜೆ ಹುಡುಕುತ್ತ ಹಿಂದೆ ಅಲೆಯಬೇಕಾದವರು ಮ್ಝೀಯಂಥವರು. ಮೊಂಡು ಗುಂಡು ಗಾಳಿಯಲ್ಲೇ ಸುಸ್ತಾಗುತ್ತದೆ, ಆದರೆ ತಲುಪಿದ ಕಡೆ ಅಣಬೆಯಂತೆ ಅರಳಿ ಅಲ್ಲೇ ಕೆಲಸ ಮುಗಿಸುತ್ತದೆ.

“ಪೊದೇಲಿ ಐವತ್ತು ಹೆಜ್ಜೆ ಆಚೆ ಏನೂ ಕಾಣಲ್ಲ. ಗಾಳಿ ಸೀಳ್ಕೊಂಡು ನಿನ್ನ ಗುಂಡು ಯಾವೂರಿಗೆ ಹೋಗ್ಬೇಕು?”

ಇದೆಲ್ಲ ನಡೆಯುವುದು ಇಂಗ್ಲಿಷು ಸ್ವಾಹಿಲಿಯ ಚಿತ್ರಾನ್ನದಲ್ಲಿ, ಕನ್ನಡ ನನ್ನದು. ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಮೊಲ ಹಿಡಿದವರು ಅವರಲ್ಲಿ ಒಬ್ಬರೇ ಎನ್ನುವುದು ಬೇರೆ ಮಾತು! ಭಾವನವರ ಜೀವನದ ಆಸೆ ಈಗ ಒಂದೇ: ಮ್ಝೀ ಬಾಯಿಂದ ಒಂದೇ ಒಂದು ಸಲ ‘ಸವಾ’, ಅಂದರೆ ‘ಸರಿ’, ಎನ್ನಿಸುವುದು. ಮಗಳು ಪಾಸಾಗಲೆಂದೂ ಅವರು ಇಷ್ಟು ಹಂಬಲಿಸಿರಲಿಲ್ಲ.

ನಮ್ಮ ಕನ್ನಡಿಗರ ಕೂಟದಲ್ಲಿ ಅಕ್ಕ ಒಮ್ಮೆ ಮುಗ್ಧವಾಗಿ, “ಭಾನುವಾರ ಬೆಳಿಗ್ಗೆ ಹತ್ತಕ್ಕೇ ಕೆಳಮನೆ ಮುದುಕ್ರ ಜೊತೆ ಗುಂಡು ಅಂತ ಕೂತ್ರೆ, ಮಧ್ಯಾಹ್ನ ಊಟಕ್ಕೂ ಏಳಲ್ಲ,” ಎಂದು ಅಲವತ್ತುಕೊಂಡಳು. ಮುಂದಿನ ವಾರವೇ ಪರಿಚಯದ ಡಾಕ್ಟರೊಬ್ಬರು ಚಟ ಬಿಡಿಸಲು ಮನೆಗೇ ಬಂದರು. ಭಾವ ಅವರನ್ನು ಕೂರಿಸಿಕೊಂಡು ಎರಡು ಗಂಟೆ ಗುಂಡಿನ ಆಕಾರ ವಿವರಿಸಿದರು. ಹೊರಡುವಾಗ ಡಾಕ್ಟರು ಅಕ್ಕನ ಕಿವಿಯಲ್ಲಿ, ಕುಡಿತವಾಗಿದ್ದರೆ ಔಷಧ ಇತ್ತು ಎಂದರಂತೆ!

ಇನ್ನು ಪ್ರಯೋಗದ ಕಥೆ ಕೇಳಿ. ಗುಂಡಿನ ಪರೀಕ್ಷೆಯನ್ನು ಜಿಲೆಟಿನ್ ಗಡ್ಡೆಯಲ್ಲಿ ಮಾಡುತ್ತಾರೆಂದು ಭಾವ ಎಲ್ಲೋ ಓದಿದರು. ಅದು ಮೂಳೆಯಿಂದ ಆಗುವುದು, ಮನೆಯೊಳಗೆ ಬರಕೂಡದು! ಅಕ್ಕ ಮಗಳ ಹುಟ್ಟುಹಬ್ಬಕ್ಕೆಂದು ಕೇಸರಿ ಬಾದಾಮಿ ಹಾಕಿ ಕಡಲಪಾಚಿಯ ಚೈನಾ ಗ್ರಾಸ್ ಹೆಪ್ಪುಗಟ್ಟಿಸಿದ್ದಳು. ಸಾಕಲ್ಲ! ಮ್ಝೀಯನ್ನೂ ಮೇಲಕ್ಕೆ ಕರೆಸಿ, ಭಾವ ಸ್ಟೂಲು ಹತ್ತಿ ಚೂಪಾಗಿ ಹೆರೆದ ಕ್ಯಾರೆಟ್ ಬಿಟ್ಟರು. ಅದು ಸೊಗಸಾಗಿ ಇಳಿದು ತಟ್ಟೆಯ ತಳ ಮುಟ್ಟಿ ನಿಂತಿತು. ಮ್ಝೀ ಪರವಾಗಿ ಬಿದ್ದದ್ದು ಚಪಾತಿ ಹಿಟ್ಟಿನ ಉಂಡೆ. ಅದು ಅಲ್ಲೇ ಚಪ್ಪಟೆಯಾಗಿ, ಕೇಸರಿ ಬಾದಾಮಿಯನ್ನೆಲ್ಲ ಗೋಡೆಗೆ ಸಿಡಿಸಿತು. ತನ್ನದು ಕೆಲಸ ಮಾಡಿತೆಂದು ಮ್ಝೀ ಕುಣಿದರು. ಎರಡನೇ ಮಹಡಿಯಿಂದ ಹಾಕಿದ್ದರೆ ಗೊತ್ತಾಗುತ್ತಿತ್ತು ಎಂದು ಭಾವ ಗೊಣಗಿದರು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಬಾಗಿಲಲ್ಲಿ ನಿಂತು, “ಡ್ಯಾಡ್, ದಟ್ ವಾಸ್ ಮೈ ಡೆಸರ್ಟ್,” ಎಂದಳು.

ಹೋದ ತಿಂಗಳು ಮ್ಝೀ ಉಸಿರಿನ ತೊಂದರೆಯಾಗಿ ಆಸ್ಪತ್ರೆ ಸೇರಿದರು. ಭಾವನ ಜೊತೆ ನಾನೂ ಮಟಾಟು ವ್ಯಾನು ಹತ್ತಿ ನೋಡಲು ಹೋದೆ. ಭಾವನ ಜೇಬಿನಲ್ಲಿ ಹೊಸ ಲೆಕ್ಕದ ಹಾಳೆಯೊಂದಿತ್ತು. ಕುಶಲ ವಿಚಾರಿಸಿದ ಎರಡೇ ನಿಮಿಷಕ್ಕೆ ಅದು ಮಂಚದ ಮೇಲೆ ಬಿಚ್ಚಿಕೊಂಡಿತು! ಇಷ್ಟು ದೂರಕ್ಕೆ ಇಷ್ಟು ವೇಗ, ಇಷ್ಟು ಗಾಳಿಗೆ ಇಷ್ಟೇ ಓಟ ಎಂದು ಭಾವ ಉತ್ಸಾಹದಿಂದ ಬೆರಳಿಟ್ಟು ತೋರಿಸಿದರು. ಮ್ಝೀ ಕಣ್ಣು ಮುಚ್ಚಿ, ಮೆಲ್ಲಗೆ, “ಸವಾ. ನೀನು ಹೇಳಿದ್ದೇ ಸರಿ,” ಎಂದರು.

ಒಂಬತ್ತು ವರ್ಷದ ತಪಸ್ಸು ಫಲಿಸಿತು, ಭಾವ ಈಗ ಕುಣಿಯುತ್ತಾರೆ ಎಂದುಕೊಂಡೆ. ಅವರ ಮುಖ ಬಿಳಿಚಿಕೊಂಡಿತು. ಹಾಳೆಯನ್ನು ಮಡಚಿಟ್ಟು ಮಂಚದ ಅಂಚಿನಲ್ಲಿ ಕೂತರು.

“ಇಲ್ಲ. ಐವತ್ತು ಹೆಜ್ಜೆಗೆ ಚೂಪು ಯಾಕೆ ಬೇಕು? ನಿಮ್ಮ ಮಾತೇ ನಿಜ. ಆ ಸವಾ ವಾಪಸ್ ತಗೊಳ್ಳಿ, ಮ್ಝೀ. ಭಾನುವಾರ ಮನೇಲಿ ಕೂತು ಜಗಳ ಆಡಿ ಗೆಲ್ತೀನಿ. ಹೀಗೆ ಬೇಡ ನಂಗೆ.”

ಮ್ಝೀ ಒಂದು ಕಣ್ಣು ತೆರೆದು ಭಾವನನ್ನು ನೋಡಿದರು.

“ಹಾಗಾದ್ರೆ ನೀನು ಹೇಳಿದ್ದೆಲ್ಲ ತಪ್ಪು, ಎಂಜಿನಿಯರ್.”

ಭಾವ ಆ ಒಣಗಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೌದು ಹೌದು ಎಂದು ತಲೆಯಾಡಿಸುತ್ತಾ ಅತ್ತುಬಿಟ್ಟರು.