ನಿಕ್ಕಲ್ ಗುಳಿಗೆಗಳ ಬಾಳಿಕೆ ಕಾಪಾಡಿದ ಬಗೆ

ಕಲ್ಲಿದ್ದಲಿನ ಅನಿಲವನ್ನು ಮೀಥೇನ್ ಆಗಿ ಮಾರ್ಪಡಿಸುವ ನಿಕ್ಕಲ್ ಗುಳಿಗೆಗಳು ಸಾವಿರ ಗಂಟೆ ಬಾಳತಕ್ಕದ್ದು ಎಂದು ನಮ್ಮ ಕಾರ್ಖಾನೆಯ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಗುಳಿಗೆಗಳು ನಿಯಮಾವಳಿ ಓದಿರಲಿಲ್ಲ. ಒಂಬತ್ತನೇ ಗಂಟೆಗೆ ಮೈತುಂಬ ಮಸಿ ಹಿಡಿದು, ಅನಿಲದಲ್ಲಿದ್ದ ಗಂಧಕ ಕುಡಿದು, ಕೈಚೆಲ್ಲಿ ಕೂತವು.

ಇದರಿಂದ ಕ್ಯಾಂಟೀನಿನ ಒಲೆ ಆರಿತು. ಒಲೆ ಈ ಮೀಥೇನಿನಿಂದಲೇ ಉರಿಯಬೇಕು, ಎರಡು ತಿಂಗಳು ಊಟ ನಿಂತರೆ ಅಡುಗೆ ಅಕ್ಕನ ಕೆಲಸ ರದ್ದು ಎಂದು ಆದೇಶವಿತ್ತು. ಅಕ್ಕ ಸೌಟು ಹಿಡಿದೇ ದೊಡ್ಡ ಸಾಹೇಬರ ಕೋಣೆಗೆ ನುಗ್ಗಿದಳು.

"ಸಾರ್, ಇನ್ನೂರು ಜನ ತಟ್ಟೆ ಹಿಡ್ಕೊಂಡು ನಿಂತಿದಾರೆ. ಗ್ಯಾಸ್ ಯಾವಾಗ ಬಿಡ್ತೀರಾ?"

"ಬಿಟ್ಟಿದ್ದೇ ತಪ್ಪಾಯ್ತಮ್ಮ. ತನಿಖೆ ಮಾಡಿಸಿದೀವಿ. ಗುಳಿಗೆ ಹಾಳಾಗಿದ್ದು ಗ್ಯಾಸ್ ತಾಗಿಯೇ."

ಅಂದೇ ಪ್ರಕಟಣೆ ಹೊರಟಿತು: "ಬಾಳಿಕೆ ಪರೀಕ್ಷೆಯ ಅವಧಿಯಲ್ಲಿ ಗುಳಿಗೆಗಳ ಬಳಿ ಯಾರೂ ಅನಿಲ ಬಿಡಕೂಡದು. ಕೆಮ್ಮುವವರು ಗೇಟಿನಾಚೆ ಕೆಮ್ಮತಕ್ಕದ್ದು."

ಅನಿಲದ ಕೊಳವೆಗೆ ಹೊಸ ಗುಳಿಗೆ ತುಂಬಿ ಅದರ ಎರಡೂ ಬಾಯಿಗೆ ಬೀಗ ಜಡಿದರು. ಸಾವಿರ ಗಂಟೆ ಕಳೆಯಿತು. ಪರೀಕ್ಷಕರು ಬಂದು, ಭೂತಗನ್ನಡಿ ಹಿಡಿದು ನೋಡಿ, "ಅಬ್ಬಾ, ಈಗ ತಾನೇ ಡಬ್ಬಿಯಿಂದ ತೆಗೆದ ಹಾಗಿವೆ!" ಎಂದು ಬೆರಗಾದರು. ಚಪ್ಪಾಳೆ ಬಿತ್ತು. ಸಾಹೇಬರಿಗೆ ಬಡ್ತಿಯೂ ಬಂತು.

"ಅಲ್ಲಾ ಸಾರ್, ಮೀಥೇನು?" ಎಂದ ಫಿಟ್ಟರ್ ಮಾವ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ಮಾವನೇ, ಹೆಂಡತಿಯ ಕಡೆಯವರನ್ನು ಬಿಟ್ಟು.

"ನಮ್ದು ಬಾಳಿಕೆ ವಿಭಾಗ ಕಣಯ್ಯ. ಮೀಥೇನ್ ಬೇರೆ ವಿಭಾಗ."

"ಅದೆಲ್ಲಿದೆ ಸಾರ್?"

"ಇನ್ನೂ ತೆರೆದಿಲ್ಲ."

ಎರಡು ತಿಂಗಳು ತುಂಬಿದ ಮಧ್ಯಾಹ್ನ, ಅಕ್ಕನ ಕೆಲಸ ರದ್ದು ಮಾಡುವ ಕಾಗದ ಜೇಬಿನಲ್ಲಿಟ್ಟುಕೊಂಡು ಸಾಹೇಬರು ಕ್ಯಾಂಟೀನಿಗೆ ಬಂದರು. ಅಕ್ಕ ಫಳಫಳ ಹೊಳೆಯುವ ಪಾತ್ರೆಯನ್ನು ಅವರ ಮುಂದೆ ಕುಕ್ಕಿದಳು.

"ಊಟ ಎಲ್ಲಮ್ಮಾ?"

"ಕೆಡಬಾರದು ಅಂತ ಮಾಡೇ ಇಲ್ಲ ಸಾರ್. ನಾನೂ ತನಿಖೆ ಮಾಡಿದೀನಿ. ಅಡುಗೆ ಹಳಸೋದೆಲ್ಲ ಮಾಡಿದ್ಮೇಲೇ."

ಸಾಹೇಬರು ಪಾತ್ರೆಯೊಳಗೆ ಮೂಗು ತೂರಿಸಿ ಮೂಸಿದರು. ಹಳಸಿದ ವಾಸನೆ ಎಳ್ಳಷ್ಟೂ ಇರಲಿಲ್ಲ. ಜೇಬಿನ ಕಾಗದ ಹರಿದು, ತಪಾಸಣೆ ಪುಸ್ತಕದಲ್ಲಿ "ಊಟದ ಬಾಳಿಕೆ ತೃಪ್ತಿಕರ" ಎಂದು ಬರೆದು, ಅಕ್ಕನ ಕೆಲಸವನ್ನು ಅಲ್ಲೇ ಖಾಯಂ ಮಾಡಿದರು.

ಊಟದ ಗಂಟೆ ಹೊಡೆಯಿತು. ಇನ್ನೂರು ಜನ ಸಾಲು ನಿಂತರು. ಅಕ್ಕ ಖಾಲಿ ಪಾತ್ರೆಗೆ ಸೌಟು ಇಳಿಸಿ ಎತ್ತಿದಳು.

"ನಂಗೆ ಅರ್ಧ ಸೌಟು ಸಾಕಕ್ಕಾ," ಎಂದು ತಟ್ಟೆ ಒಡ್ಡಿದ ಫಿಟ್ಟರ್ ಮಾವ. "ಹೊಟ್ಟೆನೂ ಬಾಳಿಕೆ ಬರ್ಬೇಕಲ್ಲ."