ಹುಳುಗಳ ಕೆಳಗೆ ಸಿಕ್ಕಿಕೊಂಡ ಸೂರ್ಯ

ಹೆದರುವುದಕ್ಕೆ ದೊಡ್ಡ ಕಾರಣವೇ ಬೇಕೆಂದು ನಾನು ಯಾವತ್ತೂ ಕಾದವಳಲ್ಲ. ಕುಕ್ಕರ್ ಒಂದು ಸೀಟಿ ಕಡಿಮೆ ಕೂಗಿದರೂ ಎದೆ ಹೊಡೆದುಕೊಳ್ಳುತ್ತದೆ. ಅಂಥವಳಿಗೆ ಆ ವರ್ಷ ಸಿಕ್ಕ ಕಾರಣ ಮಾತ್ರ ನಿಜಕ್ಕೂ ದೊಡ್ಡದು: ಸೂರ್ಯ.

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಮರಿ ರೇಷ್ಮೆಹುಳುವಿನ ತಟ್ಟೆಗೆ ಹಳೆಯ ಪೇಪರ್ ಹಾಸುತ್ತೇವೆ. ಹುಳುವಿಗೆ ಸೊಪ್ಪು, ನನಗೆ ಸುದ್ದಿ. ಅವತ್ತು ಬೆಳಿಗ್ಗೆ ಒಂದು ತಟ್ಟೆಯ ಅಂಚಿನಲ್ಲಿ ಕಂಡಿದ್ದು ಇದು: ದೂರದ ಗ್ಯಾಲಕ್ಸಿಯೊಂದರಲ್ಲಿ ಹಲವು ಸೂರ್ಯರಷ್ಟು ತೂಕದ ಕಪ್ಪು ಕುಳಿ ಪತ್ತೆಯಾಗಿದೆ, ಪಕ್ಕದ ನಕ್ಷತ್ರವನ್ನು ಹೀರಿ ನುಂಗುತ್ತಿದೆ. ಬೆಳಕನ್ನೇ ಹೊರಗೆ ಬಿಡದ್ದನ್ನು ಹೇಗಪ್ಪಾ ಕಂಡರು ಅಂದರೆ, ಆ ನಕ್ಷತ್ರ ಏನೂ ಕಾಣದ ಜಾಗವನ್ನು ಸುತ್ತುವುದನ್ನು ನೋಡಿ. ಇದನ್ನು ನಾನು ತಕ್ಷಣ ನಂಬಿದೆ. ನಮ್ಮ ಮನೆಯ ಇಲಿಯನ್ನೂ ಯಾರೂ ಕಂಡಿಲ್ಲ. ಬೆಕ್ಕು ಕಣಜದ ಸುತ್ತಲೇ ಸುತ್ತುವುದರಿಂದ ಅದು ಇದೆ ಅಂತ ಗೊತ್ತು.

ಮುಂದಿನ ಸಾಲು, ‘ಹಾಗಾದರೆ ನಮ್ಮ ಸೂರ್ಯನ ಗತಿ? ತಜ್ಞರ ಪ್ರಕಾರ ಇನ್ನು...’ ಅಷ್ಟೇ. ಮಿಕ್ಕದ್ದರ ಮೇಲೆ ಹುಳುಗಳು ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡಲು ಹುಳು ತಲೆಯೆತ್ತಿಕೊಂಡು, ತಿನ್ನದೆ, ಒಂದು ದಿನ ಅಲ್ಲಾಡದೆ ಕೂರುತ್ತದೆ. ಆಗ ಮುಟ್ಟಿದರೆ ಕೆಟ್ಟಿತು.

“ರೀ, ಸೂರ್ಯನಿಗೆ ಏನೋ ಆಗುತ್ತಂತೆ. ಆ ಸೊಪ್ಪು ಒಂಚೂರು ಸರಿಸಲಾ?” ಅಂದೆ.

“ಹುಳ ಏಳೋಗಂಟ ಆ ಕಡೆ ಸುಳಿದೀಯಾ, ನೋಡು!” ಅಂದರು ಯಜಮಾನರು.

ಬೇಳೆ ಆರಿಸುತ್ತಿದ್ದ ಅತ್ತೆ, “ಸೂರ್ಯ ಹೋದ್ರೆ ಬಟ್ಟೆ ಒಣಗಲ್ಲ, ಅಷ್ಟೇ ಕಣಮ್ಮ. ಹುಳ ಹೋದ್ರೆ ನನ್ನ ಮಗನ್ನ ಹಿಡಿಯೋರು ಯಾರು?” ಅಂದರು.

ಅವರಿಗೇನು! ನಾನು ಹೊಸಿಲಿಗೆ ಹೋಗಿ ಹೋಗಿ ಬಿಸಿಲು ನೋಡಿ ಬಂದೆ. ಹಪ್ಪಳ ಒತ್ತಬೇಕೆಂದಿದ್ದೆ, ಒತ್ತಲಿಲ್ಲ; ಅರ್ಧ ಒಣಗಿದ ಮೇಲೆ ಸೂರ್ಯ ಆರಿಹೋದರೆ? ಮಧ್ಯಾಹ್ನ ಒಂದು ಮೋಡ ಅಡ್ಡ ಬಂತು ನೋಡಿ, ಇನ್ನು ತಡೆಯಲಾಗಲಿಲ್ಲ. ಯಜಮಾನರು ತೋಟಕ್ಕೆ ಹೋಗಿದ್ದರು, ಅತ್ತೆಗೆ ಜೋಂಪು. ತಟ್ಟೆಯ ಹತ್ತಿರ ಹೋಗಿ, ಎರಡೇ ಬೆರಳಲ್ಲಿ, ಸೊಪ್ಪಿನ ಸಮೇತ ಹುಳುಗಳನ್ನು ಕೊಂಚ ಆಚೆ ಸರಿಸಿದೆ. ಅಡಿಯಲ್ಲಿದ್ದದ್ದು ಸೀರೆ ಅಂಗಡಿಯ ಜಾಹೀರಾತು.

ಮರುದಿನ ಹುಳುಗಳು ಎದ್ದವು. ಬಲೆ ಹಾಸಿ, ಅದರ ಮೇಲೆ ಸೊಪ್ಪು ಹಾಕಿದೆ. ಹಸಿದ ಹುಳುಗಳು ಬಲೆ ಹತ್ತಿದವು. ಬಲೆ ಎತ್ತಿಟ್ಟು, ಜಾಹೀರಾತಿನ ಪಕ್ಕದಲ್ಲೇ ಇದ್ದ ಮಿಕ್ಕ ಸಾಲು ಓದಿದೆ. ‘...ನೂರಾರು ಕೋಟಿ ವರ್ಷ ಭಯವಿಲ್ಲ. ಕಪ್ಪು ಕುಳಿಯಾಗುವಷ್ಟು ತೂಕವೂ ಸೂರ್ಯನಿಗಿಲ್ಲ.’

ಉಸ್ಸಪ್ಪಾ ಅಂದುಕೊಂಡು ನೋಡಿದರೆ, ನಾನು ಸರಿಸಿದ ಕಡೆಯ ಹುಳುಗಳು ಒಂದೂ ಬಲೆ ಹತ್ತಿರಲಿಲ್ಲ. ಒಂದು ಹಿಡಿಯಷ್ಟು, ಮುದುಡಿಕೊಂಡು ಸತ್ತಿದ್ದವು. ಅಷ್ಟರಲ್ಲಿ ಹೊರಗೆ ಯಜಮಾನರು ಚಪ್ಪಲಿ ಬಿಟ್ಟ ಸದ್ದು. ಹುಳುಮನೆಯೊಳಕ್ಕೆ ಕಾಲು ತೊಳೆಯದೆ ಯಾರೂ ಬರುವುದಿಲ್ಲ.

ಸೂರ್ಯನಿಗೆ ನೂರಾರು ಕೋಟಿ ವರ್ಷದ ವಾಯಿದೆ ಸಿಕ್ಕಿತ್ತು. ನನಗೆ ಸಿಕ್ಕಿದ್ದು, ಒಂದು ಚೊಂಬು ನೀರು ಎರಡು ಕಾಲಿನ ಮೇಲೆ ಬೀಳುವಷ್ಟು ಹೊತ್ತು.