ಚಿನಕುರಳಿಯ ಹಿಮಾಲಯದ ಹುಂಜ

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿದೆ ಎಂದು ಚಿನಕುರಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೆಡಬೇಕಾದರೆ ಮೊದಲು ಅದು ನೆಟ್ಟಗಿರಬೇಕಲ್ಲ!

ಬದರಿ ಯಾತ್ರೆಗೆ ಹೋದವರೆಲ್ಲ ಗಂಗಾಜಲ ತಂದರು. ಇವನು ಬರುವ ದಾರಿಯಲ್ಲಿ ಬೆಟ್ಟದ ಹಳ್ಳಿಯೊಂದರಿಂದ ಆರು ಕೋಳಿಮೊಟ್ಟೆ ತಂದ, ಮಂಕಿ ಟೋಪಿಯಲ್ಲಿ ಸುತ್ತಿಕೊಂಡು! ಅಲ್ಲಿನ ನಾಟಿ ತಳಿಯಂತೆ. ಹಿಮಕ್ಕೂ ಜಗ್ಗದು, ರೋಗಕ್ಕೂ ಬಗ್ಗದು. ರೈಲಿನಲ್ಲಿ ಮೂರು ದಿನ ಮಡಿಲಲ್ಲಿಟ್ಟುಕೊಂಡು ಕೂತವನು ಕಾವಿಗೂ ತಾನೇ ಕೂರುತ್ತಿದ್ದನೋ ಏನೋ, ಪುಣ್ಯಕ್ಕೆ ಮನೆಯಲ್ಲಿ ಕಾವಿಗೆ ಬಂದ ಹೇಟೆಕೋಳಿಯೊಂದಿತ್ತು. ಒಡೆದು ಬಂದದ್ದು ಒಂದೇ ಮರಿ, ಹುಂಜ.

ಬೇಸಿಗೆ ಬಂದದ್ದೇ ಅದಕ್ಕೆ ಒದ್ದೆ ಗೋಣಿತಾಟು, ಟೇಬಲ್ ಫ್ಯಾನು!

"ನಂಗೆ ಸೆಕೆ ಆಗಾಕಿಲ್ವಾ?" ಅಂದಳು ಚಿಕ್ಕಮ್ಮ.

"ನೀನು ಸಿಂಧಘಟ್ಟದೋಳು, ತಡ್ಕೋತೀಯೆ. ಅದು ಹಿಮಾಲಯದ್ದು ಕಣಮ್ಮಿ!"

ಹಿಮಾಲಯದ್ದು ಮಟಮಟ ಮಧ್ಯಾಹ್ನ ತಿಪ್ಪೆ ಕೆದಕುತ್ತಿತ್ತು. ಫ್ಯಾನಿನ ಮುಂದೆ ಗೊರಕೆ ಹೊಡೆಯುತ್ತಿದ್ದವನು ಚಿಕ್ಕಪ್ಪ.

ಒಮ್ಮೆ ಬೀಗರು ಬಂದರು. ಮುದ್ದೆಗೆ ಎಸರಿಟ್ಟು, ಸಾರಿಗೆ ಕೊಯ್ಯೋಣವೆಂದು ನೋಡಿದರೆ ಹುಂಜವೂ ಇಲ್ಲ, ಚಿಕ್ಕಪ್ಪನೂ ಇಲ್ಲ! ಬೀಗರು ಸೊಪ್ಪಿನ ಸಾರು ಉಂಡು ಹೊರಟ ಮೇಲೆ ಕಬ್ಬಿನ ಗದ್ದೆಯಿಂದ ಇಬ್ಬರೂ ಎದ್ದು ಬಂದರು. "ಬೀಗ್ರು ಓದ್ರಾ?" ಅಂತ ಚಿಕ್ಕಪ್ಪ ಪಿಸುಗುಟ್ಟಿದ.

ಹೋದ ಆಷಾಢದಲ್ಲಿ ಅವನಿಗೆ ಎದೆನೋವು ಬಂದು ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಏನೂ ಹೇಳಲಾಗದು ಅಂದರು. ಚಿಕ್ಕಮ್ಮ ಅಲ್ಲಿಂದಲೇ ಮಾರಮ್ಮನಿಗೆ ಹರಕೆ ಹೊತ್ತಳು: ಗಂಡ ಉಳಿದರೆ ಆ ಹುಂಜ ನಿಂಗೇ ತಾಯಿ! ಚಿಕ್ಕಪ್ಪ ಉಳಿದ. ಮನೆಗೆ ಬಂದು ವಿಷಯ ತಿಳಿದವನೇ ಕೂಗಾಡಿದ.

"ಬ್ಯಾರೆ ಎಲ್ಡು ಹುಂಜ ಕೊಟ್ರಾಯ್ತು ಬುಡು! ಮಾರಮ್ಮಂಗೆ ತಳಿ ಗೊತ್ತಾಯ್ತದಾ?"

"ಗೊತ್ತಾಯ್ತದೆ," ಅಂದಳು ಚಿಕ್ಕಮ್ಮ. "ನಿಮ್ಮನ್ನ ಉಳಿಸ್ಕೊಡು ಅಂತ ಕೇಳ್ವಾಗ ಬ್ಯಾಡದ್ದು ಕೊಡಕಾಯ್ತದಾ? ದಿನಾ ಕಾಳು ಆಕಿ ಬೆಳೆಸ್ದೋಳು ನಾನು. ನಂಗೇನು ಅದ್ರ ಮ್ಯಾಲೆ ಆಸೆ ಇಲ್ವಾ?"

ಮಂಗಳವಾರ ಚಿಕ್ಕಪ್ಪ ತಾನೇ ಹುಂಜವನ್ನು ಎದೆಗವಚಿಕೊಂಡು ಗುಡಿಗೆ ನಡೆದ.

ಅಲ್ಲೇ ಅಡುಗೆಯಾಯಿತು. ದೇವರಿಗೆ ಕೊಟ್ಟದ್ದನ್ನು ಉಣ್ಣದೆ ಬಿಡುವ ಹಾಗಿಲ್ಲ. ಚಿಕ್ಕಮ್ಮ ಎಲೆ ಮುಟ್ಟದೆ ತಲೆ ಬಗ್ಗಿಸಿ ಕೂತಿದ್ದಳು. ಮದುವೆಯ ದಿನ ಶಾಸ್ತ್ರಕ್ಕೂ ಹೆಂಡತಿಗೆ ತುತ್ತಿಡಲು ನಾಚಿದ್ದ ಮನುಷ್ಯ, ಅಷ್ಟು ಜನರೆದುರು ಮುದ್ದೆ ಮುರಿದು, ಸಾರಿಗದ್ದಿ, ಅವಳ ಬಾಯಿಗೆ ಹಿಡಿದ.

"ಉಣ್ಣಮ್ಮಿ," ಅಂದ. "ನಾನಿದೀನಲ್ಲ."